ಕೆರೆ, ಅಗಸಿ, ಗಿರಣಿ: ಸೊಲ್ಲಾಪುರದ ಪೇಟೆಯನ್ನು ನಡೆದು ನೋಡುವ ಬಗೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾತಾಡಿದ್ದರ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದೆ.)



ಕರ್ನಾಟಕದಿಂದ ಸೊಲ್ಲಾಪುರಕ್ಕೆ ಬರುವವರು ನಮ್ಮಂಥ ಊರವರನ್ನು ಎರಡೇ ಪ್ರಶ್ನೆ ಕೇಳ್ತಾರೆ. ನೋಡೋದು ಏನದ? ತಗೊಳ್ಳೋದು ಏನದ? ಮೊದಲನೆಯದಕ್ಕೆ ಸಿದ್ಧೇಶ್ವರ ಗುಡಿ, ಕೋಟೆ ಅಂತ ಉತ್ತರ. ಎರಡನೆಯದಕ್ಕೆ ಚಾದರ, ಶೇಂಗಾ ಚಟ್ನಿ. ಎರಡನ್ನೂ ಮುಗಿಸಿ ಸಂಜೆ ಗಾಡಿ ಹತ್ತುವಾಗ ಒಂದು ಮಾತು ಹೇಳ್ತಾರೆ: ‘ಅರೆ, ಇಲ್ಲೂ ಕನ್ನಡ ಮಾತಾಡ್ತಾರಲ್ಲ!’ ಆ ಅಚ್ಚರಿಯೇ ಇವತ್ತಿನ ನನ್ನ ವಿಷಯ.

ಸೊಲ್ಲಾಪುರದಲ್ಲಿ ನೋಡುವ ಜಾಗ ಬೇರೆ, ಕೊಳ್ಳುವ ಜಾಗ ಬೇರೆ ಅಲ್ಲ. ಈ ಊರಿನ ಪೇಟೆ ಮೂರು ಹಂತದಲ್ಲಿ ಬೆಳೆದಿದೆ. ಮೊದಲು ಕೆರೆಯ ದಂಡೆಯ ಜಾತ್ರೆ, ಆಮೇಲೆ ಅಗಸಿಗಳ ಒಳಗಿನ ಪೇಠಗಳು, ಕೊನೆಗೆ ರೈಲು ಮತ್ತು ಗಿರಣಿ. ಪ್ರತಿ ಹಂತದಲ್ಲೂ ಹೊಸ ಜನ ಬಂದರು, ಹೊಸ ಭಾಷೆ ಬಂತು. ಕನ್ನಡ ಮಾತ್ರ ಮೂರೂ ಹಂತದಲ್ಲಿ ಇದೆ. ಆದರೆ ಅದು ಬೋರ್ಡಿನ ಮೇಲೆ ಕಡಿಮೆ, ಬಾಯಲ್ಲಿ ಹೆಚ್ಚು. ನಾವು ಗಡಿ ಕನ್ನಡವನ್ನು ಗುಡಿಯ ಶಾಸನದಲ್ಲಿ, ಇಲ್ಲವೇ ಗಡಿ ವಿವಾದದ ಕಡತದಲ್ಲಿ ಹುಡುಕುತ್ತೇವೆ. ಗಲ್ಲೆಯ ಮುಂದೆ ನಿಂತು ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಇವತ್ತು ನಿಮ್ಮನ್ನು ಪೇಟೆಗೆ ಕರಕೊಂಡು ಹೋಗ್ತೀನಿ. ನೋಡೋಣ, ಕೊಳ್ಳೋಣ, ನಡುವೆ ಇತಿಹಾಸವನ್ನೂ ಮಾತಾಡೋಣ.

ಕೆರೆಯ ದಂಡೆ

ನಡಿಗೆ ಸಿದ್ಧೇಶ್ವರ ಕೆರೆಯಿಂದ ಶುರುವಾಗಬೇಕು. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. ಗುಡಿಯ ಸುತ್ತ ನೀರು, ಪಕ್ಕದಲ್ಲೇ ಕೋಟೆಯ ಗೋಡೆ. ಊರಿನ ಅತಿ ಹಳೆಯ ಎರಡು ಕಟ್ಟಡಗಳು ಒಂದೇ ನೀರಿಗೆ ಮುಖ ಮಾಡಿ ನಿಂತಿವೆ.

12ನೆಯ ಶತಮಾನದ ಶರಣ ಸಿದ್ಧರಾಮ ಈ ಊರಿನವನು. ವಚನಗಳಲ್ಲಿ, ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಊರಿನ ಹೆಸರು ಸೊನ್ನಲಿಗೆ. ಅವನ ವಚನಗಳ ಅಂಕಿತ ಕಪಿಲಸಿದ್ಧಮಲ್ಲಿಕಾರ್ಜುನ. ಶ್ರೀಶೈಲದ ಮಲ್ಲಿಕಾರ್ಜುನನನ್ನು ನೆಚ್ಚಿ ಊರಿಗೆ ಮರಳಿದವನು ಗುಡಿ ಕಟ್ಟಿಸಿದ, ಕೆರೆ ತೋಡಿಸಿದ, ಊರಿನ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದ ಎಂಬುದು ಪರಂಪರೆ. ಅಲ್ಲಮಪ್ರಭು ಇಲ್ಲಿಗೆ ಬಂದಾಗ ಕೆರೆಯ ಕೆಲಸ ನಡೆದಿತ್ತು ಅಂತ ಶೂನ್ಯಸಂಪಾದನೆ ಹೇಳುತ್ತದೆ. ಪೇಟೆಯ ಚರಿತ್ರೆ ಬರೆಯುವವರಿಗೆ ಇದು ಮುಖ್ಯ. ಬಿಸಿಲ ನಾಡಿನಲ್ಲಿ ನೀರು ನಿಂತಲ್ಲಿ ಜನ ನಿಲ್ಲುತ್ತಾರೆ, ಜನ ನಿಂತಲ್ಲಿ ಸಂತೆ ಕೂಡುತ್ತದೆ. ಸೊಲ್ಲಾಪುರದ ಮೊದಲ ಅಂಗಡಿಗೆ ಜಾಗ ಮಾಡಿಕೊಟ್ಟದ್ದು ಈ ಕೆರೆಯೇ ಅಂತ ನನ್ನ ಅನಿಸಿಕೆ.

ಊರ ಹೆಸರಿನ ಬಗ್ಗೆ ಮಾರ್ಗದರ್ಶಕ ಪುಸ್ತಕಗಳಲ್ಲಿ ಒಂದು ಕತೆ ಇದೆ: ‘ಸೋಲಾ’ ಅಂದರೆ ಹದಿನಾರು, ಹದಿನಾರು ಹಳ್ಳಿ ಸೇರಿ ಸೋಲಾಪುರ ಆಯ್ತು ಅಂತ. ಸೊನ್ನಲಿಗೆ, ಸೊನ್ನಲಾಪುರ, ಸೊಲ್ಲಾಪುರ ಎಂಬ ಜಾಡು ಇದಕ್ಕಿಂತ ಗಟ್ಟಿ. ನಾವು ಕನ್ನಡದಲ್ಲಿ ‘ಲ್ಲ’ ಒತ್ತಿ ಹೇಳುವಾಗ ಹಳೆಯ ಹೆಸರಿನ ಉಸಿರು ಇನ್ನೂ ಅದರಲ್ಲಿದೆ.

ಜನವರಿಯಲ್ಲಿ ಬಂದರೆ ಗಡ್ಡಾ ಯಾತ್ರೆ ಸಿಗುತ್ತದೆ. ಸಂಕ್ರಾಂತಿಯ ಆಚೀಚೆ ಐದು ದಿನದ ವಿಧಿ, ಹೋಮ್ ಮೈದಾನದಲ್ಲಿ ಮಾತ್ರ ವಾರಗಟ್ಟಲೆ ಜಾತ್ರೆ. ಸಿದ್ಧರಾಮನನ್ನು ವರಿಸಬೇಕೆಂದ ಕುಂಬಾರರ ಹುಡುಗಿಗೆ ಅವನ ಯೋಗದಂಡದ ಜೊತೆ ಮದುವೆಯಾಯಿತು ಎಂಬ ನಂಬಿಕೆಯೇ ಇದರ ಬುನಾದಿ. ಏಳು ಎತ್ತರದ ನಂದಿಧ್ವಜಗಳು ಊರಿನ 68 ಲಿಂಗಗಳನ್ನು ಸುತ್ತಿ ಬರುತ್ತವೆ. ಬಿಳಿ ಬಾರಾಬಂದಿ ತೊಟ್ಟ ಗಂಡಸರು, ಹುಡುಗರು ಸಾಲುಸಾಲಾಗಿ ನಡೆಯುತ್ತಾರೆ. ಯಾತ್ರೆಗೆ ಮುಂಚಿನ ವಾರಗಳಲ್ಲಿ ದರ್ಜಿಗಳಿಗೆ ಕೈಬಿಡುವಿರುವುದಿಲ್ಲ.

ಇಲ್ಲಿ ನನ್ನ ವಾದದ ಮೊದಲ ಪುರಾವೆ ಇದೆ. ಯಾತ್ರೆಯ ಸುದ್ದಿಯನ್ನು ಇಲ್ಲಿನ ಮರಾಠಿ ಪತ್ರಿಕೆಗಳಲ್ಲಿ ಓದಿ ನೋಡ್ರಿ. ಮೊದಲ ದಿನದ ವಿಧಿಗೆ ಅವರು ಬರೆಯುವ ಹೆಸರು ‘ಯಣ್ಣೀಮಜ್ಜನ’. ಅದು ನಮ್ಮ ಎಣ್ಣೆಮಜ್ಜನ. ಕೊನೆಯ ದಿನ ನಂದಿಧ್ವಜದ ಬಟ್ಟೆ ಬಿಚ್ಚುವುದಕ್ಕೆ ‘ಕಪ್ಪಡಕಳಿ’. ಕಪ್ಪಡ ಅಂದರೆ ಬಟ್ಟೆ, ಕಳೆ ಅಂದರೆ ತೆಗೆ. ಅಕ್ಷತೆ ಬೀಳುವ ಜಾಗ ‘ಸಮ್ಮತಿ ಕಟ್ಟಾ’, ಅಂದರೆ ಸಮ್ಮತಿ ಕಟ್ಟೆ. ಯಾತ್ರೆಯ ಮೊದಲ ಮಾನ ಇರುವ ಮನೆತನ ಹಿರೇಹಬ್ಬು. ಅಕ್ಷತೆಯ ಹೊತ್ತಿನಲ್ಲಿ ಕೇಳುವ ‘ದಿಡ್ಡಂ’ ಎಂಬ ಕೂಗಿನಲ್ಲಿ ಕನ್ನಡದ ಕಿವಿಗೆ ‘ದಿಟ’ ಎಂಬ ಪದ ಕೇಳಿಸುತ್ತದೆ. ಈ ಪದಗಳನ್ನು ಹೇಳುವವರಲ್ಲಿ ಕನ್ನಡ ಬಾರದವರೇ ಬಹಳ. ಆದರೂ ಯಾರೂ ಅವನ್ನು ಅನುವಾದ ಮಾಡಲು ಹೋಗಿಲ್ಲ. ಊರಿಗೆ ಅವು ಪರಭಾಷೆಯ ಪದಗಳೇ ಅಲ್ಲ, ಯಾತ್ರೆಯ ಪದಗಳು.

ಕೆರೆಯಿಂದ ಎದ್ದು ಕೋಟೆಯೊಳಗೆ ಹೋಗೋಣ. ಬಹಮನಿ ಕಾಲದ ನೆಲಕೋಟೆ ಇದು. ಅಹಮದನಗರದ ನಿಜಾಮಶಾಹಿ ಮತ್ತು ವಿಜಯಪುರದ ಆದಿಲಶಾಹಿ ಇದಕ್ಕಾಗಿ ಮತ್ತೆ ಮತ್ತೆ ಕಾದಾಡಿದವು, ಮದುವೆಯ ಉಡುಗೊರೆಯ ಮಾತಿನಲ್ಲೂ ಈ ಕೋಟೆ ಬಂತು. 1818ರ ಮೇ ತಿಂಗಳಲ್ಲಿ ಥಾಮಸ್ ಮನ್ರೋ ಇದನ್ನು ಪೇಶ್ವೆಯ ಸೈನ್ಯದಿಂದ ಗೆದ್ದುಕೊಂಡ. ಒಳಗೆ ಹಳೆಯ ಗುಡಿಯೊಂದರ ಅವಶೇಷಗಳಿವೆ, ಅದನ್ನು ಕಪಿಲಸಿದ್ಧ ಮಲ್ಲಿಕಾರ್ಜುನನ ಗುಡಿ ಎಂದೇ ಊರವರು ಗುರುತಿಸುತ್ತಾರೆ. ಕೋಟೆ ನೋಡುವವರು ಬುರುಜಿನ ಫೋಟೋ ಹೊಡಕೊಂಡು ಹೊರಗೆ ಬರ್ತಾರೆ. ಆ ಕಂಬಗಳ ಹತ್ತಿರ ಹತ್ತು ನಿಮಿಷ ನಿಲ್ಲಿ ಅಂತ ನನ್ನ ಸಲಹೆ.

ಅಗಸಿಯ ಒಳಗೆ

ಎರಡನೆಯ ಹಂತ ಪೇಠಗಳದ್ದು. ಊರಿಗೆ ಒಂದು ಕಾಲದಲ್ಲಿ ಗೋಡೆ ಇತ್ತು, ಬಾಗಿಲುಗಳಿದ್ದವು. ಗೋಡೆ ಹೋಗಿದೆ, ಬಾಗಿಲ ಹೆಸರು ಉಳಿದಿವೆ: ವಿಜಾಪುರ ವೇಸ್, ತುಳಜಾಪುರ ವೇಸ್, ಕುಂಭಾರ ವೇಸ್, ಬಾಳಿ ವೇಸ್. ಮರಾಠಿಯ ವೇಸ್ ಅಂದರೆ ನಮ್ಮ ಕಡೆಯ ಅಗಸಿ. ಯಾವ ದಿಕ್ಕಿನ ಗಿರಾಕಿ ಯಾವ ಬಾಗಿಲಿನಿಂದ ಬರ್ತಿದ್ದ ಅನ್ನೋದು ಕೆಲವು ಹೆಸರಲ್ಲೇ ಇದೆ. ವಿಜಾಪುರ ವೇಸಿನಿಂದ ಬಂದವನು ಕನ್ನಡದವನು, ತುಳಜಾಪುರ ವೇಸಿನಿಂದ ಬಂದವನು ಮರಾಠಿಯವನು. ಅಂಗಡಿಕಾರನಿಗೆ ಎರಡೂ ಬರಲೇಬೇಕಿತ್ತು.

ನಡೆಯಲು ಒಂದು ದಾರಿ ಹೇಳ್ತೀನಿ. ಬಾಳಿ ವೇಸಿನ ಮಲ್ಲಿಕಾರ್ಜುನ ಗುಡಿಯಿಂದ ಹೊರಡಿ. ಇಲ್ಲಿ ಲಿಂಗಾಯತರ ಹಳೆಯ ಮನೆಗಳಿವೆ, ಮನೆಯೊಳಗಿನ ಮಾತು ಇನ್ನೂ ಬಹಳಷ್ಟು ಕನ್ನಡ. ಅಲ್ಲಿಂದ ಮಧಲಾ ಮಾರುತಿಯ ಕಡೆ ಬನ್ನಿ. ಪೂಜೆಯ ಸಾಮಾನು, ಹಿತ್ತಾಳೆ ತಾಮ್ರದ ಪಾತ್ರೆ, ಕುಂಕುಮ ಭಂಡಾರ, ಮದುವೆಯ ಬಾಸಿಂಗ, ಬಳೆ, ಎಲ್ಲಾ ಇಕ್ಕಟ್ಟಿನ ಓಣಿಗಳಲ್ಲಿ ಸಿಗುತ್ತವೆ. ಮುಂದೆ ಚಾಟಿ ಗಲ್ಲಿ. ಇದು ಬಾರುಕೋಲಿನ ಚಾಟಿ ಅಲ್ಲ. ಹಳೆಯ ಮರಾಠಿಯಲ್ಲಿ ಚಾಟಿ ಅಂದರೆ ಬಟ್ಟೆಯ ವ್ಯಾಪಾರಿ. ಹೆಸರಿಗೆ ತಕ್ಕ ಹಾಗೆ ಇದು ಬಟ್ಟೆಯ ಓಣಿ. ಅಲ್ಲಿಂದ ನವಿ ಪೇಠಕ್ಕೆ ಬಂದರೆ ಇವತ್ತಿನ ಸೊಲ್ಲಾಪುರದ ದೊಡ್ಡ ಬಟ್ಟೆ ಬೀದಿ ಸಿಕ್ಕಿತು.

ಇಲ್ಲಿ ಏನು ಕೊಳ್ಳಬೇಕು? ಮದುವೆಯ ಜವಳಿ. ನಮ್ಮ ಕಡೆ ‘ಬಸ್ತಾ ಕಟ್ಟೋದು’ ಅಂತೀವಿ. ಎರಡೂ ಮನೆಯವರು ಕೂಡಿ ಬಂದು, ಅಂಗಡಿಯ ಗಾದಿಯ ಮೇಲೆ ಕೂತು, ಚಹಾ ಕುಡಿದು, ಬೀಗರಿಗೆ, ಅತ್ತೆಯರಿಗೆ, ಸೋದರಮಾವನಿಗೆ ಸೀರೆ, ಧೋತರ, ಪಟಗಾ ಎಲ್ಲವನ್ನೂ ಒಂದೇ ಕೂಟದಲ್ಲಿ ತೆಗೆಯುವುದು. ಇಂಡಿ, ಚಡಚಣ, ಸಿಂದಗಿ, ಅಫಜಲಪುರ, ಆಳಂದದಿಂದ ಬಸ್ತಾ ಕಟ್ಟಲು ಸೊಲ್ಲಾಪುರಕ್ಕೆ ಬರುವ ಮನೆತನಗಳು ಇವತ್ತಿಗೂ ಇವೆ. ಅಕ್ಕಲಕೋಟ, ಮಂದ್ರೂಪ, ವಳಸಂಗದ ಕನ್ನಡ ಹಳ್ಳಿಗಳಿಗಂತೂ ಇದೇ ಪೇಟೆ. ಆ ಅಂಗಡಿಯಲ್ಲಿ ಮಾತು ಹೀಗೆ ಸಾಗುತ್ತದೆ:

‘ಬರ್ರಿ ಕಾಕಾ, ಕುಂದರ್ರಿ. ಮದುವಿದ ಏನ್ರಿ?’
‘ಹೌದ್ರಿ. ಬೀಗ್ರಿಗೆ ಇಳಕಲ್ ತೋರಸ್ರಿ, ಭಾವ ನೋಡಿ ಹೇಳ್ರಿ.’
‘ಭಾವದ ಚಿಂತಿ ಬಿಡ್ರಿ ಕಾಕಾ, ಮೊದಲ ಮಾಲ್ ನೋಡ್ರಿ.’

ಹೀಗೆ ಮಾತಾಡುವ ಅಂಗಡಿಕಾರ ಮನೆಯಲ್ಲಿ ಗುಜರಾತಿ ಆಡುವವನಿರಬಹುದು, ಮಾರವಾಡಿ ಇರಬಹುದು, ಮರಾಠಿ ಇರಬಹುದು. ಅವನ ಕನ್ನಡ ಶಾಲೆಯಲ್ಲಿ ಕಲಿತದ್ದಲ್ಲ, ಗಿರಾಕಿಯಿಂದ ಕಲಿತದ್ದು. ಇದು ಎರಡನೆಯ ಪುರಾವೆ. ಭಾಷೆ ಕಲಿಸುವ ಕೆಲಸವನ್ನು ಪೇಟೆಯೂ ಮಾಡುತ್ತದೆ.

ವಾರದ ಹೆಸರಿನ ಪೇಠಗಳು, ಅಂದರೆ ಮಂಗಳವಾರ, ಬುಧವಾರ, ಶುಕ್ರವಾರ ಪೇಠಗಳು ಮರಾಠಾ ಆಡಳಿತದ ಕಾಲದ ರೂಢಿಯನ್ನು ನೆನಪಿಸುತ್ತವೆ. ನಡುವೆ ಜೋಡಭಾವಿ ಪೇಠ ಎಂಬುದೊಂದಿದೆ. ಕನ್ನಡದ ಕಿವಿಗೆ ಅದು ಜೋಡು ಬಾವಿ. ಮಂಗಳವಾರದ ಬಾಜಾರಕ್ಕೆ ಇಲ್ಲಿಗೆ ಬನ್ನಿ. ಹಗ್ಗ, ಕಬ್ಬಿಣದ ಸಾಮಾನು, ಹಳೆಯ ವಸ್ತು, ಏನುಂಟು ಏನಿಲ್ಲ ಅನ್ನುವ ಹಾಗಿರುತ್ತದೆ. ಚೌಕಾಸಿ ಮಾಡಲು ನಾಚಬೇಡಿ.

ಈ ಹಂತ ಮುಗಿಸುವ ಮುನ್ನ ಇಂದ್ರಭುವನ ನೋಡಬೇಕು. ಈಗಿನ ಮಹಾನಗರಪಾಲಿಕೆಯ ಕಚೇರಿ. ವ್ಯಾಪಾರಿ ಅಪ್ಪಾಸಾಹೇಬ ವಾರದ ಅವರು ಕಟ್ಟಿಸಿದ ಮನೆ ಅದು. ಕಲ್ಲಿನಲ್ಲಿ ಕೆತ್ತಿದ ಮೂರ್ತಿಗಳು, ಬಾಲ್ಕನಿಗಳು, ಮೇಲೆ ಗುಮ್ಮಟ. ಪೇಠದ ದುಡ್ಡು ಎಷ್ಟು ಬೆಳೆದಿತ್ತು ಎನ್ನುವುದಕ್ಕೆ ಅಂಕಿಸಂಖ್ಯೆ ಬೇಡ, ಈ ಕಟ್ಟಡ ಸಾಕು.

ರೈಲು, ಗಿರಣಿ, ಹುತಾತ್ಮರು

1860ರಲ್ಲಿ ಮುಂಬಯಿ ಕಡೆಯ ರೈಲು ಸೊಲ್ಲಾಪುರ ಮುಟ್ಟಿತು. 1884ರಲ್ಲಿ ಹತ್ತಿರದ ಹೋಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಹಾದಿ ಬಿತ್ತು. ಈ ಎರಡು ಗೆರೆ ಕೂಡಿದ್ದರಿಂದ ಸೊಲ್ಲಾಪುರ ಒಂದು ಹೊಸ ಬಗೆಯ ಅಗಸಿಯಾಯಿತು. ವಿಜಯಪುರ, ಬಾಗಲಕೋಟೆ ಸೀಮೆಯ ಹತ್ತಿ ಕಾಳು ಮುಂಬಯಿಗೆ ಹೋಗಲು, ಮುಂಬಯಿಯ ಮಾಲು ಈ ಕಡೆ ಬರಲು ಇದೇ ಬಾಗಿಲು.

ಅದೇ ಕಾಲಕ್ಕೆ ಗಿರಣಿ ಬಂತು. 1870ರ ದಶಕದಲ್ಲಿ ಶುರುವಾದ ಸೋಲಾಪುರ ಸ್ಪಿನಿಂಗ್ ಅಂಡ್ ವೀವಿಂಗ್ ಕಂಪನಿಯನ್ನು ಊರವರು ‘ಜುನೀ ಗಿರಣಿ’ ಅಂದರು, ಹಳೆ ಗಿರಣಿ. ಮುಂದೆ ನರಸಿಂಗ ಗಿರಜಿ, ಲಕ್ಷ್ಮೀ, ವಿಷ್ಣು, ಜಾಮ್ ಗಿರಣಿಗಳು ಬಂದವು. ಭೋಂಗಾ ಕೂಗಿದರೆ ಊರಿಗೆ ಗಡಿಯಾರ ಬೇಕಿರಲಿಲ್ಲ. ಪಗಾರದ ದಿನ ಪೇಟೆಗೆ ಹಬ್ಬ. ಬರದಿಂದ ಓಡಿ ಬಂದ ಕನ್ನಡ, ಮರಾಠಿ ಹಳ್ಳಿಯವರು, ತೆಲಂಗಾಣದ ನೇಕಾರರು, ಎಲ್ಲರೂ ಒಂದೇ ಖಾತೆಯಲ್ಲಿ ದುಡಿದರು.

ಕಾನೂನು ಓದುವ ಗೆಳೆಯರಿಗೆ ಒಂದು ಮಾತು. ಹಳೆ ಗಿರಣಿ ಬಾಗಿಲು ಹಾಕಿದಾಗ ಅದರ ಆಡಳಿತವನ್ನು ಸರಕಾರ ವಹಿಸಿಕೊಂಡಿತು. ಅದರ ಮೇಲೆ ನಡೆದ 1950ರ ಚಿರಂಜಿತ್ ಲಾಲ್ ಮೊಕದ್ದಮೆ ಮತ್ತು ಆಮೇಲಿನ ದ್ವಾರಕಾದಾಸ್ ಶ್ರೀನಿವಾಸ್ ಮೊಕದ್ದಮೆ ನಮ್ಮ ಸಂವಿಧಾನದ ಪಾಠಗಳಲ್ಲಿ ಇವತ್ತಿಗೂ ಬರುತ್ತವೆ. ನೀವು ಪುಸ್ತಕದಲ್ಲಿ ಓದುವ ‘ಶೋಲಾಪುರ ಮಿಲ್ ಕೇಸ್’ ಅದೇ ಗಿರಣಿಯದ್ದು. ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಭೋಂಗಾ ಕೇಳಿ ಎದ್ದು ಬೆಳೆದವರು ಈಗ ಅಜ್ಜ ಅಜ್ಜಿಯರು.

ಪ್ರವಾಸಿಗೆ ಯಾರೂ ತೋರಿಸದ ಜಾಗ ಒಂದಿದೆ: ಸೆಟಲ್‌ಮೆಂಟ್. ಬ್ರಿಟಿಷರ ‘ಅಪರಾಧಿ ಬುಡಕಟ್ಟು’ ಕಾನೂನಿನಡಿ ಕೈಕಾಡಿ, ಪಾರಧಿ ಮುಂತಾದ ಸಮುದಾಯಗಳನ್ನು ತಂತಿಬೇಲಿಯೊಳಗೆ ಇಟ್ಟ ವಸತಿ. ಅಲ್ಲಿಂದ ಜನರನ್ನು ಗಿರಣಿಯ ಕೆಲಸಕ್ಕೆ ಕಳಿಸುತ್ತಿದ್ದರು. ಆ ಕಾನೂನು 1952ರಲ್ಲಿ ರದ್ದಾಯಿತು. ಹೆಸರು ಮಾತ್ರ ಓಣಿಗೆ ಅಂಟಿಕೊಂಡೇ ಇದೆ. ಚಾದರ ಕೊಳ್ಳಲು ಹೋಗುವವರು ಈ ನೂಲಿನ ಚರಿತ್ರೆಯನ್ನೂ ತಿಳಿದಿರಬೇಕು.

ಊರ ನಡುವೆ ನಾಲ್ವರ ಪುತ್ಥಳಿ ಇದೆ, ನಾವು ‘ಚಾರ್ ಪುತಳಾ’ ಅಂತೀವಿ. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನವಾದ ಮೇಲೆ ಇಲ್ಲಿ ಗೋಲಿಬಾರ್ ನಡೆಯಿತು. ಕೆಲವು ದಿನ ಬ್ರಿಟಿಷ್ ಆಡಳಿತವೇ ಊರಿನಲ್ಲಿ ಇರಲಿಲ್ಲ, ಆಮೇಲೆ ಮಾರ್ಷಲ್ ಲಾ ಹೇರಿದರು. ಮಲ್ಲಪ್ಪಾ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ನಾಲ್ಕು ಹೆಸರು ಓದಿದರೆ ಆ ಕಾಲದ ಪೇಟೆಯ ಜನ ಯಾರು ಅಂತ ಗೊತ್ತಾಗುತ್ತದೆ. ಗಡ್ಡಾ ಯಾತ್ರೆಯ ಹಿಂದಿನ ದಿನಗಳಲ್ಲೇ ಈ ಸ್ಮರಣೆಯೂ ಬರುತ್ತದೆ. ಚೀನಾದಲ್ಲಿ ಸೇವೆ ಮಾಡುತ್ತಲೇ 1942ರಲ್ಲಿ ತೀರಿಕೊಂಡ ಡಾಕ್ಟರ್ ದ್ವಾರಕಾನಾಥ ಕೋಟಣೀಸರು ಹುಟ್ಟಿದ್ದು ಇದೇ ಊರಿನಲ್ಲಿ, ಅವರ ಸ್ಮಾರಕವೂ ಇದೆ. ಸಮಯವಿದ್ದರೆ ನೋಡಿ.

ಪೂರ್ವ ಭಾಗದ ಚಾದರ

ಈಗ ಚಾದರ. ಅದಕ್ಕಾಗಿ ‘ಪೂರ್ವ ಭಾಗ’ಕ್ಕೆ ಹೋಗಬೇಕು. ತೆಲಂಗಾಣದಿಂದ ಬಂದ ಪದ್ಮಶಾಲಿ ನೇಕಾರರ ಭಾಗ ಇದು. ಅಂಗಡಿ ಬೋರ್ಡಿನಲ್ಲಿ ತೆಲುಗು ಕಾಣುತ್ತದೆ, ಓಣಿಯಲ್ಲಿ ತೆಲುಗು ಕೇಳುತ್ತದೆ, ಶ್ರಾವಣದ ಹುಣ್ಣಿಮೆಗೆ ಮಾರ್ಕಂಡೇಯನ ರಥ ಹೊರಡುತ್ತದೆ. ಗಂಡಸರು ಮಗ್ಗದ ಮೇಲೆ, ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಾ. ಮಗ್ಗಗಳ ಸದ್ದು ಹಗಲು ರಾತ್ರಿ.

ಸೊಲ್ಲಾಪುರದ ಚಾದರವನ್ನು ಗುರುತಿಸುವುದು ಹೇಗೆ? ಜಕಾರ್ಡ್ ಮಗ್ಗದ ಮೇಲೆ ಎರಡು ಪದರದ ಹಾಗೆ ನೆಯ್ದ ಹತ್ತಿ ಬಟ್ಟೆ ಅದು. ತಿರುವಿ ನೋಡ್ರಿ: ಮುಂದಿನ ಹೂವು ಹಿಂದೆಯೂ ಇರಬೇಕು, ಬಣ್ಣ ಮಾತ್ರ ಅದಲು ಬದಲು. ಕೈಯಲ್ಲಿ ಹಿಡಿದರೆ ತೂಕ ಬರಬೇಕು. ಬೇರೆ ಊರಿನಲ್ಲಿ ನೆಯ್ದು ಇದೇ ಹೆಸರಿನಲ್ಲಿ ಮಾರುವ ಮಾಲು ಬಹಳ, ಅದಕ್ಕೇ ಈ ಚಾದರಕ್ಕೆ ಭೌಗೋಳಿಕ ಸೂಚಕದ ಗುರುತು ಬೇಕಾಯಿತು. ಮಹಾರಾಷ್ಟ್ರದಲ್ಲಿ ಆ ಗುರುತು ಪಡೆದ ಮೊದಲ ವಸ್ತು ಇದು. ಟರ್ಕಿ ಟವೆಲ್ಲಿಗೂ ಆ ಗುರುತಿದೆ, ಅದು ಹೊರದೇಶಕ್ಕೂ ಹೋಗುತ್ತದೆ. ಆದಷ್ಟು ನೇಯುವವರದೇ ಅಂಗಡಿಯಲ್ಲಿ ಕೊಳ್ಳಿ.

ಚಾದರದ ಮಾತಿನಲ್ಲಿ ನಾವು ಕನ್ನಡದವರು ಒಂದು ಪಾಠ ಕಲಿಯಬೇಕು. ತೆಲುಗು ನೇಕಾರರು ಇಲ್ಲಿ ವಲಸೆ ಬಂದವರು, ಕನ್ನಡದವರು ಮೊದಲಿಂದ ಇದ್ದವರು. ಆದರೂ ಊರಿನ ಒಂದು ಭಾಗದಲ್ಲಿ ತೆಲುಗು ಕಣ್ಣಿಗೆ ಕಾಣುತ್ತದೆ, ಕನ್ನಡ ಹಾಗೆ ಕಾಣುವುದಿಲ್ಲ. ಕಾರಣ ಏನು? ತೆಲುಗಿನವರು ಒಂದು ಕಸುಬಿನ ಸುತ್ತ, ಒಂದು ಭಾಗದಲ್ಲಿ ಗಟ್ಟಿಯಾಗಿ ನೆಲೆಸಿದರು. ಕನ್ನಡದವರು ಊರ ತುಂಬ ಹರಡಿಕೊಂಡಿದ್ದರು: ಬಾಳಿ ವೇಸಿನ ವ್ಯಾಪಾರಿ, ಗಿರಣಿಯ ಕೂಲಿ, ಹಳ್ಳಿಯಿಂದ ಕಾಯಿಪಲ್ಲೆ ತರುವ ಹೆಣ್ಣುಮಗಳು. ಮೊದಲಿಂದ ಇದ್ದವರಿಗೆ ತಮ್ಮ ಗುರುತು ಬರೆದು ತೂಗು ಹಾಕಬೇಕು ಅನ್ನಿಸಲಿಲ್ಲ.

ತಿನ್ನುವುದು, ಕಟ್ಟಿಸಿಕೊಳ್ಳುವುದು

ಊಟದ ಸಾಮಾನು ಬಿಟ್ಟರೆ ನಡಿಗೆ ಪೂರ್ತಿ ಆಗೋದಿಲ್ಲ. ಸೊಲ್ಲಾಪುರದ ಶೇಂಗಾ ಚಟ್ನಿ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗಿರಬೇಕು, ಪುಡಿಪುಡಿ ಇದ್ದರೆ ಬಿಡಿ. ಕಡಕ್ ಭಾಕ್ರಿ ಅಂತ ಬೋರ್ಡ್ ಇರುತ್ತದೆ, ಅದು ನಮ್ಮ ಖಡಕ್ ರೊಟ್ಟಿಯೇ. ಶೇಂಗಾ ಹೋಳಿಗೆ ವಾರಗಟ್ಟಲೆ ಕೆಡುವುದಿಲ್ಲ. ಜೋಳ ಬೇಕಾದರೆ ಮಂಗಳವೇಢೆಯ ಮಾಲದಂಡಿ ಕೇಳಿ. ಚಳಿಗಾಲದಲ್ಲಿ ಎಳೆಜೋಳದ ಹುರಡಾ, ವಿಜಯಪುರದ ಕಡೆ ಇದೇ ಸೀತನಿ. ದಾಳಿಂಬೆ ಇಲ್ಲಿನದೇ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಗಡಿಯ ಎರಡೂ ಕಡೆ ಒಂದೇ.

ಹೈದರಾಬಾದ್ ರಸ್ತೆಯ ಸಿದ್ಧೇಶ್ವರ ಮಾರ್ಕೆಟ್ ಯಾರ್ಡಿಗೆ ಉಳ್ಳಾಗಡ್ಡಿಯ ಹಂಗಾಮಿನಲ್ಲಿ ಹೋಗಿ ನೋಡಬೇಕು. ವಿಜಯಪುರ, ಕಲಬುರಗಿ ಕಡೆಯ ಲಾರಿಗಳು ಸಾಲು ನಿಂತಿರುತ್ತವೆ. ರೈತ ಕನ್ನಡದಲ್ಲಿ ಕೇಳ್ತಾನೆ, ಅಡತಿಯವನು ಕನ್ನಡದಲ್ಲೇ ಹೇಳ್ತಾನೆ, ಪಟ್ಟಿ ಮರಾಠಿಯಲ್ಲಿ ಬರೀತಾನೆ. ಸೊಲ್ಲಾಪುರದ ಕನ್ನಡದ ಸ್ಥಿತಿ ಇದೇ: ಮಾತು ನಮ್ಮದು, ಬರಹ ಅವರದು.

ಊರ ಹೊರಗೆ ಒಂದು ಅರ್ಧ ದಿನ

ಅರ್ಧ ದಿನ ಕೈಯಲ್ಲಿದ್ದರೆ ಹತ್ತರಸಂಗ ಕುಡಲಕ್ಕೆ ಹೋಗಿ. ಭೀಮಾ ಮತ್ತು ಸೀನಾ ಕೂಡುವ ಜಾಗ. ಸಂಗಮೇಶ್ವರ, ಹರಿಹರೇಶ್ವರ ಗುಡಿಗಳು, ನೂರಾರು ಪುಟ್ಟ ಮುಖಗಳನ್ನು ಕೆತ್ತಿದ ಬಹುಮುಖಿ ಲಿಂಗ ಅಲ್ಲಿವೆ. ಸಂಗಮೇಶ್ವರ ಗುಡಿಯಲ್ಲಿ 1018ರ ಮರಾಠಿ ಶಾಸನ ಇದೆ, ತೇದಿ ಇರುವ ಅತಿ ಹಳೆಯ ಮರಾಠಿ ಬರಹಗಳಲ್ಲಿ ಅದೊಂದು. ಸುತ್ತಲಿನ ಇದೇ ಜಿಲ್ಲೆಯಲ್ಲಿ ಚಾಲುಕ್ಯ, ಕಲಚುರಿ, ಯಾದವ ಕಾಲದ ಕನ್ನಡ ಶಾಸನಗಳು ಹೇರಳವಾಗಿ ಸಿಕ್ಕಿವೆ. ಅಂದರೆ ಸಾವಿರ ವರ್ಷದ ಹಿಂದೆಯೇ ಈ ನೆಲದಲ್ಲಿ ಎರಡೂ ಭಾಷೆಯನ್ನು ಕಲ್ಲಿನ ಮೇಲೆ ಬರೆಯುತ್ತಿದ್ದರು. ಯಾವುದು ಮೊದಲು ಅಂತ ಜಗಳ ಮಾಡುವ ಬದಲು ಎರಡೂ ಓದುವವರು ಆಗ ಇದ್ದರು ಅನ್ನೋದನ್ನು ಗಮನಿಸಬೇಕು.

ಈಗ ಏನು ಕಳೆದುಹೋಗುತ್ತಿದೆ

1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲೇ ನಡೆಯಿತು, ಎಂ. ಆರ್. ಶ್ರೀನಿವಾಸಮೂರ್ತಿಯವರು ಅಧ್ಯಕ್ಷರು. 1956ರಲ್ಲಿ ರಾಜ್ಯಗಳ ವಿಂಗಡಣೆಯಾದಾಗ ವಿಜಯಪುರ ಮೈಸೂರಿಗೆ ಹೋಯಿತು, ಸೊಲ್ಲಾಪುರ ಮುಂಬಯಿಯಲ್ಲೇ ಉಳಿಯಿತು. ಇದೇ ಊರಿನ ಜಯದೇವಿತಾಯಿ ಲಿಗಾಡೆಯವರು ಮರಾಠಿ ಶಾಲೆಯಲ್ಲಿ ಓದಿ, ಆಮೇಲೆ ಕನ್ನಡ ಕಲಿತು, ‘ಸಿದ್ಧರಾಮ ಪುರಾಣ’ ಬರೆದರು. 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಗಡಿಯ ಹೋರಾಟದ ಚರಿತ್ರೆಯನ್ನು ನಾವು ಇಂಥ ದೊಡ್ಡ ಹೆಸರುಗಳಿಂದ ಬರೆದಿದ್ದೇವೆ, ಬರೆಯಬೇಕಾದದ್ದೇ.

ಆದರೆ ಆಮೇಲಿನ ವರ್ಷಗಳಲ್ಲಿ ಕನ್ನಡವನ್ನು ಇಲ್ಲಿ ದಿನದಿನ ಉಳಿಸಿದ್ದು ಯಾರು? ನನ್ನ ಉತ್ತರ: ಗಿರಾಕಿ. ಬಸ್ತಾ ಕಟ್ಟಲು ಬಂದ ಕಾಕಾ, ಉಳ್ಳಾಗಡ್ಡಿ ತಂದ ರೈತ, ಹಳ್ಳಿಯಿಂದ ಸಂತೆಗೆ ಬಂದ ಅವ್ವ. ಇವರು ಕನ್ನಡದಲ್ಲಿ ಕೇಳಿದ್ದರಿಂದ ಅಂಗಡಿಯವನು ಕನ್ನಡದಲ್ಲಿ ಹೇಳಿದ. ಈಗ ವಿಜಯಪುರ, ಕಲಬುರಗಿಗಳಲ್ಲೇ ದೊಡ್ಡ ಬಟ್ಟೆ ಮಳಿಗೆಗಳಿವೆ, ಮೊಬೈಲಿನಲ್ಲಿ ಸೀರೆ ಬರುತ್ತದೆ. ಗಾದಿಯ ಅಂಗಡಿ ಹೋಗಿ ದರದ ಚೀಟಿ ಅಂಟಿಸಿದ ಶೋರೂಮು ಬಂದರೆ ಭಾವ ಕೇಳುವ ಮಾತೇ ಬೇಡ. ಕನ್ನಡ ಮಾಧ್ಯಮದ ಶಾಲೆಗಳಿವೆ, ಬಾಲಭಾರತಿ ಕನ್ನ‍ಡದಲ್ಲಿ ಪಠ್ಯ ಅಚ್ಚು ಹಾಕುತ್ತದೆ, ಸಂಗಮೇಶ್ವರ ಕಾಲೇಜಿನಲ್ಲಿ ಕನ್ನಡ ವಿಭಾಗ ಇದೆ. ಆದರೆ ಶಾಲೆ ಮುಗಿಸಿದ ಹುಡುಗನಿಗೆ ಆ ಭಾಷೆಯಿಂದ ಹೊಟ್ಟೆ ತುಂಬುವ ಜಾಗ ಪೇಟೆಯೇ ಆಗಿತ್ತು. ಆ ಜಾಗ ಕಿರಿದಾದರೆ ಶಾಲೆ ಒಂದೇ ಭಾರ ಹೊರಲಾರದು.

ಹಾಗಾಗಿ ನಮ್ಮ ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ ಸೂಚಿಸ್ತೀನಿ. ಚಾಟಿ ಗಲ್ಲಿ, ಮಧಲಾ ಮಾರುತಿ, ಮಾರ್ಕೆಟ್ ಯಾರ್ಡುಗಳಲ್ಲಿ ಹಿರಿಯ ಅಂಗಡಿಕಾರರ ಮಾತನ್ನು ದಾಖಲು ಮಾಡಿ. ಅಳತೆ, ಬಣ್ಣ, ಅಂಚು, ಉದ್ರಿ, ಬೋಣಿ, ಚೌಕಾಸಿಗೆ ಅವರು ಬಳಸುವ ಪದ ಬರೆದುಕೊಳ್ಳಿ. ಮನೆಮಾತು ಯಾವುದು, ಕನ್ನಡ ಯಾರಿಂದ ಕಲಿತರು ಅಂತ ಕೇಳಿ. ಶಾಸನ ಇನ್ನೂ ಸಾವಿರ ವರ್ಷ ನಿಲ್ಲಬಹುದು, ಈ ಮಾತು ನಿಲ್ಲುವುದಿಲ್ಲ.

ಪ್ರಶ್ನೆಗಳಿಗೆ ಉತ್ತರ

ಒಬ್ಬ ಗೆಳೆಯರು ಕೇಳಿದ್ದು: ಹಾಗಾದರೆ ಸೊಲ್ಲಾಪುರ ಕನ್ನಡದ ಊರು ಅಂತ ಹೇಳಬಹುದೇ? ನಾನು ಹೀಗೆ ಹೇಳ್ತೀನಿ: ಸೊಲ್ಲಾಪುರ ಮರಾಠಿಯದೂ ತೆಲುಗಿನದೂ ದಖನಿಯದೂ ಹೌದು, ಕನ್ನಡದ್ದೂ ಹೌದು. ‘ಹೌದು’ ಅನ್ನುವಾಗ ಬೇರೆಯವರನ್ನು ‘ಅಲ್ಲ’ ಅನ್ನಬೇಕಿಲ್ಲ. ಆದರೆ ಕನ್ನಡ ಇಲ್ಲಿ ನೆಂಟರ ಭಾಷೆ ಅಂತ ಯಾರಾದರೂ ಅಂದರೆ ಯಣ್ಣೀಮಜ್ಜನದ ಅರ್ಥ ಕೇಳಿ.

ಗುರುಗಳೊಬ್ಬರು ಕೇಳಿದ್ದು: ಒಂದೇ ದಿನ ಇದ್ದರೆ ಹೇಗೆ? ಬೆಳಿಗ್ಗೆ ಕೆರೆ, ಗುಡಿ, ಕೋಟೆ. ಹತ್ತು ಗಂಟೆಗೆ ಬಾಳಿ ವೇಸಿನಿಂದ ಮಧಲಾ ಮಾರುತಿ, ಚಾಟಿ ಗಲ್ಲಿ, ನವಿ ಪೇಠ. ಮಧ್ಯಾಹ್ನ ಖಡಕ್ ರೊಟ್ಟಿಯ ಊಟ. ಆಮೇಲೆ ಪೂರ್ವ ಭಾಗದಲ್ಲಿ ಚಾದರ, ಹೊರಳಿ ಬರುವಾಗ ಇಂದ್ರಭುವನ ಮತ್ತು ಚಾರ್ ಪುತಳಾ. ಸಂಜೆ ಪಾರ್ಕ್ ಚೌಕಿನಲ್ಲಿ ಏನಾದರೂ ತಿಂದು ಸ್ಟೇಷನ್ನಿಗೆ ಹೋಗಿ. ಒಂದೇ ಒಂದು ಬಿನ್ನಹ: ಅಂಗಡಿಗೆ ಹೋದಾಗ ಹಿಂದಿಯಲ್ಲಿ ಶುರು ಮಾಡಬೇಡ್ರಿ. ಮೊದಲ ಮಾತು ಕನ್ನಡದಾಗ ಕೇಳ್ರಿ. ಅವರಿಗೆ ಬರದಿದ್ದರೆ ಬೇರೆ ಭಾಷೆ ಇದ್ದೇ ಇದೆ. ಬರುತ್ತಿದ್ದರೆ, ಕನ್ನಡ ಕೇಳುವ ಗಿರಾಕಿ ಇನ್ನೂ ಇದ್ದಾನೆ ಅಂತ ಆ ಅಂಗಡಿಗೆ ಗೊತ್ತಾಗಲಿ.